ಭಾವನ ಬದುವಿನ ಗಂಟುಕಳೆ

ಉಪ್ಪು ಬಿಡಿ ಎಂದು ಡಾಕ್ಟರ್ ಗೊದೆ ಹೇಳಿದಾಗ ನನ್ನ ಭಾವ ಜಿಲ್ದಾ ಬಿಡಲು ಹೊರಟಿದ್ದು ಡಾಕ್ಟರನ್ನು. ಗೆರಾಂದ್‌ನ ಕಡಲಂಚಿನ ಉಪ್ಪಿನ ಆಗರದಲ್ಲಿ ಹುಟ್ಟಿ, ಅದೇ ಕೆಸರಲ್ಲಿ ಬಿದ್ದು ಎದ್ದು ಬೆಳೆದು, ಬೇಸಿಗೆಯೆಲ್ಲ ಉಪ್ಪು ಗೋರಿ ಗುಡ್ಡೆ ಹಾಕುವ ಮನುಷ್ಯನಿಗೆ ಉಪ್ಪು ತಿನ್ನಬೇಡಿ ಎಂದರೆ ಹೇಗಾಗಬೇಡ? ಪಾದ್ರಿಗೆ ಪ್ರಾರ್ಥನೆ ಬಿಡು ಎಂದರೂ ಅಷ್ಟು ಸಿಟ್ಟು ಬರಲಿಕ್ಕಿಲ್ಲ. ನಮ್ಮೂರ ಪಾದ್ರಿಗಂತೂ ಖುಷಿಯೇ ಆದೀತು.

ಆದರೆ ಡಾಕ್ಟರ್ ಗೊದೆ ಸುಮ್ಮನೆ ಬಿಡುವ ಆಸಾಮಿಯಲ್ಲ. "ಮಾತ್ರೆ ಬರ್ದಿದೀನಿ. ಆದ್ರೆ ಮಾತ್ರೆ ನುಂಗಿ ಮೇಲೆ ಉಪ್ಪು ತಿಂದ್ರೆ ಏನೂ ಪ್ರಯೋಜನ ಇಲ್ಲ. ಜೂನ್ ಕೊನೆಗೆ ಬನ್ನಿ. ಬಿಪಿ ಇಳಿದಿರ್ಬೇಕು. ಇಳೀಲಿಲ್ವಾ, ಈ ಬೇಸಿಗೇಲಿ ಆಗರಕ್ಕೆ ಕಾಲಿಡೋ ಹಾಗಿಲ್ಲ," ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದರು. ಆಗ ಇನ್ನೂ ಮೇ ತಿಂಗಳು. ಉಪ್ಪು ಕಟ್ಟುವ ಕಾಲಕ್ಕೆ ಆಗರದ ಹೊರಗೆ ಕೈಕಟ್ಟಿ ನಿಲ್ಲುವುದಕ್ಕಿಂತ ಸಾಯುವುದು ಮೇಲು ಎಂದು ಭಾವ ಗೊಣಗಿದರಂತೆ. ಅದಕ್ಕೂ ವ್ಯವಸ್ಥೆ ಆಗ್ತಾ ಇದೆ ಎಂದು ಡಾಕ್ಟರು ಉತ್ತರ ಕೊಟ್ಟರಂತೆ.

ಇದೆಲ್ಲ ನನಗೆ ತಿಳಿದಿದ್ದು ಎಷ್ಟೋ ದಿನ ಕಳೆದ ಮೇಲೆ. ನನ್ನ ಅಕ್ಕ ಅನಿಕ್, ಅಂದರೆ ಅವರ ಹೆಂಡತಿ, ಯಾರಿಗೂ ಹೇಳುವುದಿಲ್ಲ ಎಂದು ಸಂತ ಆನ್‌ಳ ಮೇಲೆ ಆಣೆ ಇಟ್ಟಿದ್ದಳು. ಹೇಳಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನಮ್ಮಲ್ಲಿ ಆಗರದ ಒಬ್ಬರು ಹಾಸಿಗೆ ಹಿಡಿದರೆ ಅಕ್ಕಪಕ್ಕದವರು ತಮ್ಮ ಕೆಲಸ ಬಿಟ್ಟು ಮೊದಲು ಅವರ ಉಪ್ಪಿನ ಪಾತಿಗಳ ಕೆಲಸ ಮಾಡಿಕೊಡುತ್ತಾರೆ. ಬರಲೇ ಎಂದು ಕೇಳುವುದಿಲ್ಲ. ಮಾಡಿಸಿಕೊಂಡವರು ಉಪಕಾರವಾಯ್ತು ಎಂದು ಹೇಳುವುದೂ ಇಲ್ಲ. ಹಾಗೆ ಹೇಳಿದರೆ ಅವಮಾನ ಮಾಡಿದ ಹಾಗೆ. ಎಲ್ಲರ ಪಾತಿಗೂ ಹೀಗೆ ಹೋಗಿ ದುಡಿದ ಭಾವನಿಗೆ ತನ್ನ ಪಾತಿಗೆ ಬೇರೆಯವರು ಇಳಿಯುವುದೆಂದರೆ ಮಾತ್ರ ಪ್ರಾಣಸಂಕಟ. ಹೆಮ್ಮೆ ಎನ್ನುವುದು ಆ ಮನುಷ್ಯನಿಗೆ ಬಿಪಿಗಿಂತ ಮೇಲೆ ಹೋಗಿತ್ತು.

ಅದೇ ಹೊತ್ತಿಗೆ ಕೊರಾಲಿ ಬಂದಳು.

ಕೊರಾಲಿ ಎಂದರೆ ಯೂನಿವರ್ಸಿಟಿಯ ಹುಡುಗಿ. ಎಲ್ಲೋ ದೂರದ ಗುಡ್ಡದ ಸೀಮೆಯವಳು. ಅವಳು ಚಿಕ್ಕವಳಿದ್ದಾಗ ಸಮುದ್ರವನ್ನೇ ನೋಡಿರಲಿಲ್ಲವಂತೆ. ಕತ್ತರಿ, ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನಮ್ಮ ಬದುಗಳ ಮೇಲೆ ಬಗ್ಗಿ ಬಗ್ಗಿ ನಡೆಯುತ್ತಿದ್ದಳು. ಉಪ್ಪುನೀರಲ್ಲಿ ಬದುಕುವ ಗಿಡಗಳಲ್ಲಿ ಯಾವುದರಲ್ಲಿ ಯಾವ ಔಷಧಿ ಗುಣ ಇದೆ ಎಂದು ಹುಡುಕುವುದು ಅವಳ ಕೆಲಸ. ನಾವು ಕಳೆ ಎಂದು ಕಿತ್ತು ಬಿಸಾಡುವುದನ್ನು ಅವಳು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಳ್ಳುತ್ತಿದ್ದಳು. ಅದರಲ್ಲೂ ಗಂಟುಕಳೆ ಕಂಡರೆ ಮುಗಿಯಿತು. ಪೇಟೆಯವರು ಅದಕ್ಕೆ ಸಾಲಿಕೋರ್ನ್ ಎಂದು ದೊಡ್ಡ ಹೆಸರಿಟ್ಟು ಮೀನಿನ ಪಕ್ಕ ಒಂದು ಎಳೆ ಮಲಗಿಸಿ ತಿನ್ನುತ್ತಾರೆ. ಎಲೆಯಿಲ್ಲ, ಹೂವು ಕಣ್ಣಿಗೆ ಕಾಣುವುದಿಲ್ಲ, ಗಂಟು ಗಂಟಾಗಿ ಹಸಿರು ಕಡ್ಡಿ ಅಷ್ಟೆ. ಬದುವಿನ ಜೇಡಿಯಲ್ಲಿ ಬೇರು ಬಿಟ್ಟರೆ ಬದು ಬಿರಿಯುತ್ತದೆ, ಉಪ್ಪಿಗೆ ಕಸ ಬೀಳುತ್ತದೆ. ಬದುವಿನ ಮೇಲೆ ಗಂಟುಕಳೆ ಬಿಟ್ಟವರನ್ನು ನಾವು ತಲೆ ಬಾಚದೆ ಚರ್ಚಿಗೆ ಬಂದವರನ್ನು ನೋಡಿದ ಹಾಗೆ ನೋಡುತ್ತೇವೆ.

ನನ್ನ ಪಾತಿ ಭಾವನ ಪಾತಿಗೆ ತಾಗಿಯೇ ಇದೆ. ಹಾಗಾಗಿ ಅವತ್ತಿನ ಮಾತು ನನ್ನ ಕಿವಿಗೆ ಬಿತ್ತು.

"ಏನಮ್ಮಾ, ಈ ದರಿದ್ರ ಕಳೇಲಿ ಏನಿದೆ ಅಂತ?" ಎಂದು ಭಾವ ಕೇಳಿದರು.

"ತುಂಬಾ ಇದೆ ಯಜಮಾನ್ರೇ. ಸಕ್ಕರೆ ಕಾಯಿಲೆಗೆ, ಬೊಜ್ಜಿಗೆ, ಊತಕ್ಕೆ, ಬೇರೆ ಬೇರೆ ಕಡೆ ಪರೀಕ್ಷೆ ಮಾಡ್ತಿದಾರೆ."

ಭಾವ ಆಚೀಚೆ ನೋಡಿದರು. "ಬಿಪಿಗೆ? ನಂಗಲ್ಲ. ಪರಿಚಯದವರೊಬ್ರಿಗೆ."

"ಬಿಪಿಗೂ ನೋಡಿದಾರೆ. ಲ್ಯಾಬಲ್ಲಿ ಇಲಿಗಳಿಗೆ ಇದರ ಸಾರ ಕೊಟ್ರೆ ಇಳಿದಿದೆಯಂತೆ. ಆದ್ರೆ ಅದು—"

ಇಳಿದಿದೆ ಎನ್ನುವಲ್ಲಿಗೆ ಭಾವನ ಕಿವಿ ಮುಚ್ಚಿಹೋಯಿತು. ಆಮೇಲೆ ಆ ಹುಡುಗಿ ಎಷ್ಟೋ ಹೊತ್ತು ಕೈ ತಿರುಗಿಸಿ ತಿರುಗಿಸಿ ವಿವರಿಸಿದಳು. ಅದನ್ನು ಕೇಳಿದ್ದು ಅಲ್ಲಿ ನಿಂತಿದ್ದ ಬಕಪಕ್ಷಿ ಮಾತ್ರ. ನಾನಾದರೂ ಕೇಳಿಸಿಕೊಂಡೆನೇ? ಇಲ್ಲ. ಪರಿಚಯದವರು ಎಂದರೆ ತುಗ್ದುವಾಲ್ ಇರಬೇಕು ಎಂದುಕೊಂಡು ಕೆಲಸ ಮುಂದುವರಿಸಿದೆ. ಆಚೆ ಪಾತಿಯ ತುಗ್ದುವಾಲ್‌ನ ಮುಖ ವರ್ಷವಿಡೀ ಬೆಂದ ಏಡಿಯ ಹಾಗೆ ಕೆಂಪಗಿರುತ್ತದೆ.

ಅವತ್ತಿನಿಂದ ಭಾವ ಕಳೆ ಕೀಳುವುದನ್ನು ನಿಲ್ಲಿಸಿದರು. ಮನೆಯಲ್ಲಿ ಅಕ್ಕನ ಮುಂದೆ ಒಂದು ಹಿಡಿ ಗಂಟುಕಳೆ ಇಟ್ಟು, "ನಾಳೆಯಿಂದ ಇದೇ ನನ್ನ ಔಷಧಿ. ಇಲಿಗೆ ಇಳಿದಿದ್ದು ನನಗೆ ಇಳಿಯಲ್ವಾ?" ಎಂದರಂತೆ.

ಅಕ್ಕ ಅನುಮಾನದ ಪ್ರಾಣಿ. "ಏನ್ರೀ, ಉಪ್ಪುನೀರಲ್ಲಿ ಬೆಳೆದಿದ್ದು. ಇದ್ರಲ್ಲೇ ಉಪ್ಪಿದ್ರೆ?"

"ತಿಂದು ನೋಡು."

ಅಕ್ಕ ಅಗಿದಳು. ಭಾವನೂ ಅಗಿದರು. ಇಬ್ಬರೂ ಗಂಭೀರವಾಗಿ ಮುಖ ಮುಖ ನೋಡಿಕೊಂಡರು.

"ಸಪ್ಪೆ ಕಣ್ರೀ. ಹುಲ್ಲು ತಿಂದಂಗಿದೆ."

"ಹೇಳ್ಲಿಲ್ವಾ? ನಾಲಿಗೆ ಇರೋದು ಯಾತಕ್ಕೆ?"

ಅಲ್ಲಿಗೆ ಸಂಶೋಧನೆ ಮುಗಿಯಿತು. ಮೂರು ಹೊತ್ತೂ ಬಟ್ಟಲು ತುಂಬ ಗಂಟುಕಳೆ ಭಾವನ ಮುಂದೆ ಬರತೊಡಗಿತು. ಬೇಯಿಸಿದ ಆಲೂಗಡ್ಡೆಗೆ, ಸಾರ್ಡೀನ್ ಮೀನಿಗೆ, ಗಾಲೆತ್ ದೋಸೆಯ ಮಡಿಕೆಯೊಳಗೆ, ಎಲ್ಲದಕ್ಕೂ ಅದೇ. ಉಪ್ಪಿನ ಡಬ್ಬಿಯನ್ನು ಅಕ್ಕ ನಿಯತ್ತಾಗಿ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದಳು. ಡಾಕ್ಟರ ಮಾತ್ರೆಯನ್ನೂ ತಪ್ಪದೆ ಕೊಡುತ್ತಿದ್ದಳು. ಇಷ್ಟೆಲ್ಲ ಮಾಡಿದರೂ ಭಾವನಿಗೆ ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತಿತ್ತು, ಕಾಲು ಊದುತ್ತಿತ್ತು. "ಔಷಧಿ ಕೆಲಸ ಶುರು ಮಾಡಿದೆ. ಒಳಗಿಂದ ರೋಗ ಹೊರಗೆ ಬರುವಾಗ ಹಿಂಗೇ," ಎಂದು ಇನ್ನೊಂದು ಬಟ್ಟಲು ಕೇಳುತ್ತಿದ್ದರು. ತನ್ನ ಕೈಯಾರೆ ಗಂಡನನ್ನು ಗುಣಮಾಡುತ್ತಿದ್ದೇನೆಂದು ಅಕ್ಕನಿಗೂ ಸಮಾಧಾನ.

ಅತ್ತ ಬದು ಹಸಿರಾಗುತ್ತಾ ಹೋಯಿತು. ಹಸಿರೆಂದರೆ ಅಂಥಿಂಥ ಹಸಿರಲ್ಲ. ದೂರದ ರಸ್ತೆಯಲ್ಲಿ ಸೈಕಲ್ಲು ತುಳಿಯುವ ಪ್ರವಾಸಿಗಳು ನಿಂತು ಫೋಟೋ ತೆಗೆಯುವಷ್ಟು. ನಮ್ಮವರು ಫೋಟೋ ತೆಗೆಯಲಿಲ್ಲ. ಬೇರೆ ಕಡೆ ಮುಖ ತಿರುಗಿಸಿಕೊಂಡು ಹೋದರು. ಒಂದು ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಹೊರಬರುವಾಗ ತುಗ್ದುವಾಲ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಮರಿವೋನ್, ನಿನ್ನ ಭಾವನಿಗೆ ಏನಾಗಿದೆ?"

"ಏನಾಗಿದೆ? ಗುಂಡುಕಲ್ಲಿನ ಹಾಗಿದಾರೆ."

"ಬದು ನೋಡಿದ್ಯಾ? ನನ್ನ ಅಜ್ಜಿಯ ಗೋರಿ ಮೇಲೂ ಅಷ್ಟು ಹುಲ್ಲಿಲ್ಲ. ಜಿಲ್ದಾ ಬದು ಬಿಡ್ತಾನೆ ಅಂದ್ರೆ ನಂಬ್ತೀಯಾ? ಮುಖ ನೋಡು, ನನಗಿಂತ ಕೆಂಪಗಾಗಿದೆ."

ನಾನು ನಗಬೇಕಾಗಿತ್ತು. ನಗು ಬರಲಿಲ್ಲ. ನನ್ನ ಗಂಡ ಫಾಂಶ್ ತೀರಿಕೊಂಡ ವರ್ಷದ ವಸಂತದಲ್ಲೂ ಹೀಗೇ ಆಗಿತ್ತು. ಬದುವಿನ ಕಳೆ ಕೀಳಲು ಅವನಿಗೆ ಬಗ್ಗಲಾಗುತ್ತಿರಲಿಲ್ಲ, ನಾಳೆ ಮಾಡ್ತೀನಿ ಎನ್ನುತ್ತಿದ್ದ. ನಾನು ಸೋಮಾರಿ ಎಂದು ಬಯ್ದುಕೊಂಡು ನಾನೇ ಕಿತ್ತೆ. ಜುಲೈಯಲ್ಲಿ ಒದ್ದೆ ಉಪ್ಪು ತುಂಬಿದ ಕೈಗಾಡಿಯ ಮೇಲೆ ಹಾಗೇ ಕುಸಿದುಬಿದ್ದ. ಅವನಿಗೆ ಇದ್ದಿದ್ದೂ ಇದೇ ಬಿಪಿ ಎಂದು ಆಮೇಲೆ ಡಾಕ್ಟರು ಹೇಳಿದರು. ಆ ಮನುಷ್ಯನನ್ನು ನೆನೆಯದ ಊಟ ನನಗಿಲ್ಲ. ಭಾವನ ಜೊತೆ ನಾನು ದಿನ ಬೆಳಗಾದರೆ ಜಗಳ ಆಡುತ್ತೇನೆ, ನಿಜ. ಆದರೆ ನನ್ನ ಅಕ್ಕ ನನ್ನ ಹಾಗೆ ಆಗುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ.

"ನಾಳೆ ಬೆಳಿಗ್ಗೆ ಹೋಗೋಣ," ಎಂದೆ. "ಎಲ್ಲರಿಗೂ ಹೇಳು."

ಭಾವನನ್ನು ಕೇಳೋಣ ಎಂದು ಯಾರೂ ಹೇಳಲಿಲ್ಲ. ಕೇಳುವ ಪದ್ಧತಿಯೇ ಇಲ್ಲವಲ್ಲ.

ಬೆಳಿಗ್ಗೆ ಆಗರದ ಅರ್ಧ ಊರು ಭಾವನ ಬದುವಿನ ಮೇಲಿತ್ತು. ಮಾತಿಲ್ಲ ಕತೆಯಿಲ್ಲ, ಸಾಲಾಗಿ ಬಗ್ಗಿ ಕೀಳುವುದೇ. ಇಂಥ ಕೆಲಸದಲ್ಲಿ ನಮ್ಮವರ ಕೈ ನೋಡಬೇಕು. ಬೇರು ಸಮೇತ ಎಳೆದು, ಜೇಡಿ ಕೊಡವಿ, ಬುಟ್ಟಿಗೆ ಹಾಕಿ, ಬದುವನ್ನು ಅಂಗೈಯಲ್ಲಿ ಸವರಿ ನಯ ಮಾಡಿ ಮುಂದೆ ಸರಿಯುತ್ತಿದ್ದರು. ಭಾವ ಪಟ್ಟೆ ಪಟ್ಟೆ ಪೈಜಾಮದ ಕೆಳಗೆ ರಬ್ಬರ್ ಬೂಟು ಹಾಕಿಕೊಂಡು ಓಡಿ ಬರುವಷ್ಟರಲ್ಲಿ ಬದು ಮದುಮಗನ ಗಲ್ಲದ ಹಾಗೆ ಬೋಳಾಗಿತ್ತು.

"ನಿಲ್ಸ್ರೋ! ನಿಲ್ಸಿ! ಯಾರೋ ಹೇಳಿದ್ದು ಕೀಳೋಕೆ?"

ಯಾರೂ ತಲೆ ಎತ್ತಲಿಲ್ಲ. ಮಾಡಿಸಿಕೊಳ್ಳುವವರು ಸ್ವಲ್ಪ ಕೂಗಾಡುವುದು ಮರ್ಯಾದೆಯೇ ಎಂದು ಎಲ್ಲರ ಲೆಕ್ಕ. ತುಗ್ದುವಾಲ್ ಅಂತೂ ಮೆಚ್ಚುಗೆಯಿಂದ, "ಇರ್ಲಿ ಬಿಡೋ ಜಿಲ್ದಾ," ಎಂದು ಇನ್ನೊಂದು ಗೊಂಚಲು ಕಿತ್ತ.

"ಇರ್ಲಿ ಏನೋ ಇರ್ಲಿ? ಅದು ನನ್ನ ಔಷಧಿ ಕಣೋ, ಮುಠ್ಠಾಳ!"

ಈಗ ಎಲ್ಲರೂ ತಲೆ ಎತ್ತಿದರು. ನಾನು ಬುಟ್ಟಿ ಕೆಳಗಿಟ್ಟೆ. "ಔಷಧಿಯಾ? ಯಾವ ರೋಗಕ್ಕೆ ಭಾವ?"

ಅವರ ಹಿಂದೆ ಏದುಸಿರು ಬಿಡುತ್ತಾ ಬಂದ ಅಕ್ಕ ಆಣೆ ಗೀಣೆ ಎಲ್ಲ ಮರೆತು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಬಿಪಿ, ಡಾಕ್ಟರು, ಜೂನ್ ಕೊನೆ, ಮೂರು ಹೊತ್ತಿನ ಬಟ್ಟಲು, ಎಲ್ಲ.

ಅಷ್ಟರಲ್ಲಿ ಚೀಲ ಹಿಡಿದುಕೊಂಡು ಕೊರಾಲಿ ಬಂದಳು. ಭಾವನ ಬದುವಿನಷ್ಟು ಸೊಂಪಾಗಿ ಬೇರೆಲ್ಲೂ ಬೆಳೆದಿಲ್ಲ ಎಂದು ಅವಳು ಇಲ್ಲಿಗೇ ಬರುವುದು ರೂಢಿ ಮಾಡಿಕೊಂಡಿದ್ದಳು. ಬೋಳು ಬದು ನೋಡಿ ಅವಳ ಮುಖವೂ ಬೋಳಾಯಿತು. "ನನ್ನ ಗಿಡಗಳು!" ಎಂದಳು.

"ನಿನ್ನವಲ್ಲ, ನನ್ನವು. ನಾನು ತಿನ್ನೋಕೆ ಇಟ್ಕೊಂಡಿದ್ದೆ, ಬಿಪಿಗೆ. ನೀನೇ ಹೇಳಿದ್ಯಲ್ಲ," ಎಂದು ಭಾವ ಗುಡುಗಿದರು.

"ತಿನ್ನೋಕಾ? ಹಸೀದಾ? ಎಷ್ಟು ತಿಂತಿದ್ರಿ?"

ಅಕ್ಕ ಎರಡು ಕೈಯಲ್ಲಿ ಬಟ್ಟಲಿನ ಅಳತೆ ತೋರಿಸಿದಳು. ಅದು ನಮ್ಮ ಕಡೆ ಮನೆಗಳಲ್ಲಿ ಸೂಪು ಬಡಿಸುವ ದೊಡ್ಡ ಬಟ್ಟಲು.

ಕೊರಾಲಿ ಬೆಳ್ಳಗಾದಳು. "ಅಯ್ಯೋ ದೇವರೇ! ಇದ್ರ ಮೈಯೆಲ್ಲಾ ಉಪ್ಪೇ. ಲ್ಯಾಬಲ್ಲಿ ಮೊದ್ಲು ಉಪ್ಪನ್ನೆಲ್ಲ ತೆಗೆದು, ಉಳಿದ ಸಾರ ಮಾತ್ರ ಕೊಡ್ತಾರೆ. ಅದೂ ಇಲಿಗೆ. ಮನುಷ್ಯರಿಗೆ ಆಗುತ್ತೋ ಇಲ್ವೋ ಇನ್ನೂ ಯಾರಿಗೂ ಗೊತ್ತಿಲ್ಲ. ಅವತ್ತು ಇದನ್ನೆಲ್ಲ ಹೇಳಿದ್ನಲ್ಲಾ! ನೀವು ಉಪ್ಪು ಬಿಟ್ಟು ಉಪ್ಪನ್ನೇ ತಿಂತಿದ್ರಿ ಯಜಮಾನ್ರೇ!"

"ಇದ್ರಲ್ಲಿ ಉಪ್ಪಾ?" ಎಂದ ತುಗ್ದುವಾಲ್. ಒಂದು ಕಡ್ಡಿ ಬಾಯಿಗೆ ಹಾಕಿಕೊಂಡ. ಅವನನ್ನು ನೋಡಿ ಉಳಿದವರೂ ಹಾಕಿಕೊಂಡರು. ನಾನೂ ಹಾಕಿಕೊಂಡೆ. ಆಗರದ ದೊಡ್ಡ ಮನುಷ್ಯರೆಲ್ಲ ಬದುವಿನ ಮೇಲೆ ಆಡುಗಳ ಹಾಗೆ ನಿಂತು ಅಗಿದೆವು.

"ಸಪ್ಪೆ," ಎಂದ ತುಗ್ದುವಾಲ್.

"ಸಪ್ಪೆ," ಎಂದೆ ನಾನು.

"ಹೇಳ್ಲಿಲ್ವಾ?" ಎಂದರು ಭಾವ.

ಕೊರಾಲಿ ತಾನೊಂದು ಚೂರು ಕಚ್ಚಿ, ಥೂ ಎಂದು ಉಗಿದು, ಬಾಟಲಿಯ ನೀರನ್ನೆಲ್ಲ ಗಟಗಟ ಕುಡಿದಳು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ನಿಮ್ಗೆ ಯಾರಿಗೂ ಗೊತ್ತಾಗ್ತಿಲ್ವಾ?"

"ಗುಡ್ಡದ ಮೇಲಿನವರ ನಾಲಿಗೆ, ಪಾಪ," ಎಂದು ತುಗ್ದುವಾಲ್ ಮರುಗಿದ. ಎಲ್ಲರೂ ನಕ್ಕರು. ನಾನೇ ಜೋರಾಗಿ ನಕ್ಕೆ. ಹುಟ್ಟಿದಾಗಿನಿಂದ ಉಪ್ಪು ಗಾಳಿ ಕುಡಿದು, ಉಪ್ಪು ಬೆಣ್ಣೆ ನೆಕ್ಕಿ, ಬೆವರಲ್ಲೂ ಉಪ್ಪು ಸುರಿಸುವ ನಮಗೆ ಉಪ್ಪಿನ ವಿಷಯ ಹೇಳಿಕೊಡಲು ಬಂದಳಲ್ಲ ಈ ಹುಡುಗಿ ಎಂದು.

ಅಕ್ಕ ಮಾತ್ರ ನಗಲಿಲ್ಲ. ನನ್ನ ಬುಟ್ಟಿಯನ್ನು ಕಸಿದುಕೊಂಡು, ಒಳಗಿದ್ದದ್ದನ್ನೆಲ್ಲ ಕಾಲುವೆಗೆ ಸುರಿದಳು. ಪಕ್ಕದ ಬುಟ್ಟಿಯನ್ನೂ ಸುರಿದಳು.

"ಏನೇ ಮಾಡ್ತಿದೀಯಾ?" ಎಂದರು ಭಾವ.

"ನಿಮಗೆ ನಾನೇ ಬಡಿಸ್ತಿದ್ದೆ. ದಿನಾ ನಾನೇ ಬಡಿಸ್ತಿದ್ದೆ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ಕೈ ತೋರಿಸಿದಳು. "ನೋಡಿ ಅವಳನ್ನ. ಗೋಡೆ ನೋಡ್ಕೊಂಡು ಒಬ್ಳೇ ಕೂತು ಊಟ ಮಾಡ್ತಾಳೆ. ನಾನೂ ಹಂಗೇ ಮಾಡ್ಬೇಕಾ? ಹೇಳಿ. ಹಂಗೇ ಮಾಡ್ಬೇಕಾ?"

ಅವಳ ಮಾತು ನನಗೆ ನೇರವಾಗಿ ಎದೆಗೆ ಬಂದು ತಾಗಿತು. ಜನ ತಮ್ಮ ತಮ್ಮ ಬೂಟು ನೋಡಿಕೊಂಡರು. ಭಾವ ಪೈಜಾಮದ ಲಾಡಿ ಬಿಗಿ ಮಾಡಿಕೊಂಡು ಮನೆಯ ಕಡೆ ನಡೆದರು.

ಹುಡುಗಿಯ ಮಾತನ್ನು ಭಾವ ನಂಬಿದರು ಎಂದುಕೊಳ್ಳಬೇಡಿ. ಆದರೆ ನಂಬದೇ ಮಾಡುವುದೇನು? ಬದುವಿನಲ್ಲಿ ಒಂದು ಕಡ್ಡಿ ಉಳಿದಿರಲಿಲ್ಲ. ನಮ್ಮವರ ಬದುಗಳಲ್ಲಂತೂ ಅದು ಇರುವ ಪ್ರಶ್ನೆಯೇ ಇಲ್ಲ. ಅಕ್ಕ ಈಗ ನಿಜವಾದ ಸಪ್ಪೆ ಅಡುಗೆ ಶುರುಮಾಡಿದಳು. ಎರಡೆರಡು ಪಾತ್ರೆ ಯಾರು ತೊಳೆಯುತ್ತಾರೆಂದು ತಾನೂ ಅದನ್ನೇ ಉಂಡಳು. ಉಪ್ಪಿಲ್ಲದ ಬೆಣ್ಣೆ ತರಲು ಬಸ್ಸು ಹತ್ತಿ ದೂರದ ಪೇಟೆ ಸಾಂ-ನಜೇರ್‌ವರೆಗೆ ಹೋದಳು. ನಮ್ಮೂರ ಅಂಗಡಿಯಲ್ಲಿ ಕೇಳಿದರೆ ಮಾನ ಉಳಿಯುತ್ತದೆಯೇ? ಪೇಪರಿನಲ್ಲಿ ಸುತ್ತಿ, ಚೀಲದ ತಳದಲ್ಲಿ ಇಟ್ಟು ತಂದಳು.

"ಹೇಗಿದೆ ಭಾವ ಊಟ?" ಎಂದು ನಾನು ಬದುವಿನ ಮೇಲಿಂದ ಕೂಗಿ ಕೇಳುತ್ತಿದ್ದೆ.

"ಆಸ್ಪತ್ರೆ ಗೋಡೆ ನೆಕ್ಕಿದ ಹಾಗಿದೆ. ನಿನ್ನ ಕೈ ಬಿದ್ದುಹೋಗ, ನನ್ನ ಔಷಧಿ ಕಿತ್ತವಳೇ!"

"ಈ ಕೈ ಇನ್ನೂ ಎಷ್ಟೋ ಕೀಳೋದಿದೆ. ನಿಮ್ಮ ಮೀಸೆಯಿಂದ ಶುರು ಮಾಡ್ಲಾ?"

ದಿನ ಕಳೆದಂತೆ ಬಯ್ಗುಳದಲ್ಲಿ ಶಕ್ತಿ ಹೆಚ್ಚಿತು. ಕಾಲಿನ ಊತ ಇಳಿದಿದ್ದನ್ನು ಅಕ್ಕ ನನಗೆ ಗುಟ್ಟಾಗಿ ಹೇಳಿದಳು. ಜೂನ್ ಕೊನೆಗೆ ಡಾಕ್ಟರ್ ಗೊದೆ ಭಾವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದರು. ನಂಬಿಕೆ ಬಾರದೆ ಇನ್ನೊಂದು ತೋಳಿಗೂ ಸುತ್ತಿದರು. "ಇಳಿದಿದೆ," ಎಂದರು. "ಏನು ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ. ಮಾಡೋದಕ್ಕೆ ಬಿಡ್ಲಿಲ್ಲ," ಎಂದರಂತೆ ಭಾವ, ಮುಖ ಊದಿಸಿಕೊಂಡು.

ಉಪ್ಪು ಗೋರಬಹುದು, ಕೈಗಾಡಿ ಮಾತ್ರ ತಳ್ಳಬಾರದು, ಊಟ ಹೀಗೇ ನಡೆಯಬೇಕು ಎಂದು ಅಪ್ಪಣೆಯಾಯಿತು. ಭಾವನ ಕೈಗಾಡಿಯನ್ನು ನಾನು ತಳ್ಳತೊಡಗಿದೆ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜುಲೈಯ ಒಂದು ಮಧ್ಯಾಹ್ನ ಬಿಸಿಲು ಚೆನ್ನಾಗಿ ಕಾದು ಪೂರ್ವದ ಒಣಗಾಳಿ ಬೀಸಿತು. ಭಾವನ ಪಾತಿಯ ನೀರಿನ ಮೇಲೆ ಆ ವರ್ಷದ ಮೊದಲ ಉಪ್ಪು ತೆಳ್ಳಗೆ ಕೆನೆಗಟ್ಟಿತು. ಬೆಳ್ಳಗೆ, ಉಗುರು ತಾಗಿದರೆ ಒಡೆಯುವಷ್ಟು ನಯ. ಭಾವ ಉದ್ದ ಕೋಲಿನ ಹಲಗೆಯಲ್ಲಿ ಅದನ್ನು ಉಸಿರು ಬಿಗಿಹಿಡಿದು ಎಳೆದು ತಂದು ದಂಡೆಗೆ ಹಾಕಿದರು. ಅಭ್ಯಾಸದಂತೆ ಒಂದು ಚಿಟಿಕೆ ನಾಲಿಗೆಯ ಮೇಲೆ ಇಟ್ಟುಕೊಂಡರು.

ಇಟ್ಟುಕೊಂಡವರು ಹಾಗೇ ನಿಂತರು. ಮುಖ ಹಿಂಡಿದ ಬಟ್ಟೆಯಾಯಿತು. ಕಣ್ಣಲ್ಲಿ ನೀರು ಬಂತು. ಕೈಗಾಡಿ ಬಿಟ್ಟು ಓಡಿದೆ. "ಭಾವ! ಏನಾಯ್ತು? ಎದೆನಾ?"

"ಉಪ್ಪು," ಎಂದರು ಭಾವ.

"ಉಪ್ಪಲ್ದೆ ಇನ್ನೇನು, ಸಕ್ರೆ ಬರುತ್ತಾ ಪಾತೀಲಿ?"

"ಅಲ್ಲ ಕಣೇ. ಉಪ್ಪು! ಇಷ್ಟೊಂದಾ?" ಇನ್ನೊಂದು ಹರಳು ಇಟ್ಟುಕೊಂಡರು, ಮತ್ತೆ ನಡುಗಿದರು. ಒರಟು ಕೈಯಿಂದ ಕಣ್ಣು ಒರೆಸಿಕೊಂಡರು. "ಚಿಕ್ಕೋನಿದ್ದಾಗ ಅಪ್ಪ ಮೊದಲ್ನೇ ಸಲ ನಾಲಿಗೆ ಮೇಲೆ ಇಟ್ಟಿದ್ದ. ಆಗ ಹಿಂಗಿತ್ತು. ಆಮೇಲೆ ಇವತ್ತೇ ನೋಡು. ಅಲ್ಲಾ ಮರಿವೋನ್, ಇಷ್ಟು ವರ್ಷ ನಾನು ಮಾಡ್ತಾ ಇದ್ದಿದ್ದು ಇದನ್ನಾ? ಆ ಹುಡುಗಿ ಸರಿಯಾಗೇ ಹೇಳಿದ್ಲು. ಸಪ್ಪೆ ಇದ್ದಿದ್ದು ಕಳೆಯಲ್ಲ, ನಾವು."

ಅಕ್ಕನನ್ನು ಕೂಗಿದರು. ಅಕ್ಕ ಬುತ್ತಿ ಹಿಡಿದು ಬಂದಳು. "ಬಾಯಿ ತೆರಿ," ಎಂದರು. ಅವಳು ಸಂಕೋಚದಿಂದ ನನ್ನ ಕಡೆ ನೋಡಿ ಬಾಯಿ ತೆರೆದಳು. ಒಂದು ಹರಳು ಬಿತ್ತೋ ಇಲ್ಲವೋ, ಅಯ್ಯಯ್ಯೋ ಎಂದು ಕಿರುಚಿ ಭಾವನ ತೋಳು ಹಿಡಿದು ಕುಣಿದಳು. ಇಬ್ಬರೂ ಕೆಸರಲ್ಲಿ ನಿಂತು, ಮುಖ ಕಿವುಚಿಕೊಂಡು, ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಆ ನಗು ನೋಡಿ ನನಗೆ ಸಂತೋಷವಾಯಿತು ಎಂದರೆ ಅರ್ಧ ನಿಜ. ಹೊಟ್ಟೆ ಉರಿಯಿತು ಎನ್ನುವುದು ಇನ್ನರ್ಧ.

ನಾನು ಬಗ್ಗಿ ದೊಡ್ಡ ಚಿಟಿಕೆಯನ್ನೇ ತೆಗೆದು ಬಾಯಿಗೆ ಹಾಕಿಕೊಂಡೆ. ಕಾದೆ. ಮರಳಿನ ಹಾಗೆ ಹಲ್ಲಿಗೆ ತಾಗಿ ಕರಗಿ ಹೋಯಿತು, ಅಷ್ಟೆ.

"ಬಂತಾ?" ಎಂದಳು ಅಕ್ಕ ಆಸೆಯಿಂದ.

"ಬಂತು," ಎಂದೆ.

ಭಾವ ನನ್ನ ಮುಖವನ್ನೇ ನೋಡಿದರು. "ಸುಳ್ಳಿ," ಎಂದರು. ಹಲಗೆಯನ್ನು ಮತ್ತೆ ನೀರಿಗೆ ಇಳಿಸಿ, ನನ್ನ ಕಡೆ ಬೆನ್ನು ಹಾಕಿಕೊಂಡು ಹೇಳಿದರು: "ನಾಳೆಯಿಂದ ನಮ್ಮನೇಲೇ ಊಟ ಮಾಡು. ಬರುತ್ತೆ."

ಆಸ್ಪತ್ರೆ ಗೋಡೆ ನೆಕ್ಕಲು ಯಾರು ಬರುತ್ತಾರೆ ಎಂದು ಬಯ್ಯಲು ಬಾಯಿ ತೆರೆದೆ. ಬಯ್ಯುವ ಬದಲು ಕೈಗಾಡಿಯನ್ನು ಎತ್ತಿ ತಳ್ಳಿಕೊಂಡು ಹೋದೆ. ಮಾರನೆಯ ದಿನ ಮಧ್ಯಾಹ್ನ ನಾನು ಬಾಗಿಲು ತಟ್ಟಿದಾಗ ಮೇಜಿನ ಮೇಲೆ ಮೂರು ತಟ್ಟೆ ಇಟ್ಟಾಗಿತ್ತು.